ಹನಿ ಹಾಕಿದೆನೋ ಇಲ್ಲವೋ

ಹತ್ತಿ ಬೆಳೆಯುವ ನೆಲದಲ್ಲಿ ಹುಟ್ಟಿದ ನಾನು ಸುಟ್ಟ ಹತ್ತಿಯನ್ನು ಮೊದಲ ಸಲ ಉಸಿರಿನೊಳಗೆ ಎಳೆದುಕೊಂಡದ್ದು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಎಂಬ ಊರಿನ ಬಾಡಿಗೆ ಕೋಣೆಯಲ್ಲಿ, ಒಂದು ಭಾನುವಾರದ ಮಧ್ಯಾಹ್ನ. ಗಂಟಲಿಗೆ ಯಾರೋ ಕೆಂಡ ತುರುಕಿದಂತಾಯಿತು. ಕೆಮ್ಮುತ್ತ ಕಿಟಕಿಯ ಕಡೆ ಓಡುವಷ್ಟರಲ್ಲಿ ಚಾವಣಿಗೆ ಅಂಟಿಸಿದ್ದ ಬಿಳಿ ಡಬ್ಬಿ ಕಿರುಚತೊಡಗಿತು. ಹೊಗೆ ಕಂಡರೆ ಕೂಗುವ ಇಂಥ ಡಬ್ಬಿ ಇಲ್ಲಿ ಮನೆಮನೆಯಲ್ಲೂ ಇರುತ್ತದೆ. ನಮ್ಮಲ್ಲಿ ಹೊಗೆ ಎದ್ದರೆ ಓಣಿಯ ಜನ ಬಂದು ಕೇಳುತ್ತಾರೆ. ಅವರಿಗೆ ಏನಾದರೊಂದು ಹೇಳಿ ಕಳಿಸಬಹುದು. ಈ ಡಬ್ಬಿಗೆ ಸಮಜಾಯಿಷಿ ನಡೆಯುವುದಿಲ್ಲ.

ಪಕ್ಕದ ಕೋಣೆಯ ಮಹಬೂಬ ಟವೆಲ್ ಬೀಸುತ್ತ ಒಳಗೆ ಬಂದ. ಅವನು ಗಂಗಾವತಿಯವನು, ಇಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ. ಕುರ್ಚಿ ಹತ್ತಿ ಡಬ್ಬಿಗೆ ಗಾಳಿ ಹಾಕುತ್ತಲೇ ಕೇಳಿದ:

"ಏನ್ ಸರ, ಸಿಗರೇಟ್ ಬಿಡಾಕ ಹೋಗಿ ನಮಗೆಲ್ಲ ಮನಿ ಬಿಡಸ್ತೀರೇನು?"

ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಸಿಗರೇಟು ಬಿಡುವುದಕ್ಕೆ ನನಗಿದ್ದದ್ದು ಎರಡೇ ತಿಂಗಳು.

ನನ್ನ ಅಕ್ಕನಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಯಲಬುರ್ಗಾದ ಸರಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುವ ಅವಳು ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದಳು. ಅವಳ ಗಂಡನಿಗೆ ಸಕ್ಕರೆ ಕಾಯಿಲೆ, ಮಗಳಿನ್ನೂ ಚಿಕ್ಕವಳು, ಅಪ್ಪ ಅವ್ವ ತೀರಿಹೋಗಿದ್ದಾರೆ. ಒಂದು ಮೂತ್ರಪಿಂಡ ಕೊಡಲು ಉಳಿದವನು ನಾನು. ರಜೆಗೆ ಊರಿಗೆ ಹೋದಾಗ ಹುಬ್ಬಳ್ಳಿಯಲ್ಲಿ ಪರೀಕ್ಷೆ ಮಾಡಿದರು. ರಕ್ತ ಹೊಂದಿತು, ಉಳಿದದ್ದೂ ಹೊಂದಿತು. ಕೊನೆಗೆ ವೈದ್ಯರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಸೇದುತ್ತೀರಾ ಎಂದರು. ಹೌದು ಎಂದೆ.

"ಬಿಟ್ಟು ಬರ್ರಿ. ಸಿಗರೇಟೂ ಬ್ಯಾಡ, ನಿಕೋಟಿನ್ನೂ ಬ್ಯಾಡ. ಬಂದ ಕೂಡ್ಲೆ ಪರೀಕ್ಷೆ ಮಾಡ್ತೀನಿ, ಸಿಕ್ತಂದ್ರ ಆಪರೇಶನ್ ಮುಂದಕ್ಕ ಹೋಗ್ತೈತಿ. ಮುಂದಕ್ಕ ಹೋಗಾಕ ನಿಮ್ಮ ಅಕ್ಕನ ಹತ್ರ ಟೈಮ್ ಇಲ್ಲ."

ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಇಲ್ಲಿ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು ನಾನು. ಯಾವುದನ್ನೂ ಎರಡು ಸಲ ಅಳೆಯದೆ ನಂಬುವುದಿಲ್ಲ. ಆದರೂ ಒಂದು ವಿಷಯವನ್ನು ಅಳೆಯದೇ ನಂಬಿಕೊಂಡು ವಿಮಾನ ಹತ್ತಿದ್ದೆ. ನಮ್ಮ ಅಪ್ಪ ಬೀಡಿಯನ್ನು ಒಂದೇ ದಿನದಲ್ಲಿ ಬಿಟ್ಟವರು. ನಮ್ಮೂರು ತಳಕಲ್ಲಿನ ಕೆರೆ ದಂಡೆಯಲ್ಲಿ ನಿಂತು ಬೀಡಿ ಕಟ್ಟನ್ನು ನೀರಿಗೆ ಎಸೆದರು, ಮತ್ತೆ ಮುಟ್ಟಲಿಲ್ಲ. ನನಗದು ಕಣ್ಣಿಗೆ ಕಟ್ಟಿದಂತೆ ನೆನಪಿತ್ತು, ಕಟ್ಟಿಗೆ ಸುತ್ತಿದ್ದ ಕೆಂಪು ದಾರದ ಸಮೇತ. ಅವರ ಮಗ ನಾನು, ನನಗೂ ಆಗುತ್ತದೆ ಎಂದುಕೊಂಡಿದ್ದೆ.

ಆಗಲಿಲ್ಲ. ಮೊದಲ ವಾರದಲ್ಲೇ ಎರಡು ಸಲ ಸೋತೆ. ಆಗ ಇಲ್ಲಿನ ಆರೋಗ್ಯ ಕೇಂದ್ರದ ನರ್ಸ್ ವೇಪ್ ಹಿಡಿಯಲು ಹೇಳಿದರು. ಈ ಊರಿನ ಹೆಂಗಸರು ಗುರುತಿಲ್ಲದವರನ್ನೂ 'ಲವ್' ಎಂದು ಕರೆಯುತ್ತಾರೆ, ನಮ್ಮಲ್ಲಿ 'ಯಪ್ಪಾ' ಅಂದ ಹಾಗೆ. ಸಿಗರೇಟಿಗಿಂತ ವಾಸಿ ಲವ್, ಆದರೆ ಒಳ್ಳೆಯದೇನೂ ಅಲ್ಲ, ಕೊನೆಗೆ ಅದನ್ನೂ ಬಿಡಬೇಕು ಎಂದರು ಆಕೆ. ವೇಪ್ ಎಂದರೆ ನಿಕೋಟಿನ್ ಬೆರೆಸಿದ ದ್ರವವನ್ನು ಬ್ಯಾಟರಿಯ ಬಿಸಿಗೆ ಆವಿ ಮಾಡಿ ಎಳೆಯುವ ಕೊಳವೆ. ನಮ್ಮ ದೇಶದಲ್ಲಿ ಅದಕ್ಕೆ ನಿಷೇಧವಿದೆ. ಇಲ್ಲಿ ಓಣಿಗೊಂದು ಅಂಗಡಿ, ಗಾಜಿನ ಕಪಾಟಿನಲ್ಲಿ ಮಾವು, ಕಲ್ಲಂಗಡಿ, ಕೊನೆಗೆ ಪಾನ್ ರುಚಿಯ ಬಾಟಲಿಗಳೂ ಸಾಲಾಗಿ ಕೂತಿರುತ್ತವೆ.

ಒಮ್ಮೆ ದ್ರವ ತುಂಬಿ ಮುಚ್ಚಿಬಿಡುವ ಕೊಳವೆ ನನಗೆ ಸರಿ ಬರಲಿಲ್ಲ. ಎಷ್ಟು ಎಳೆದೆ ಎನ್ನುವುದೇ ತಿಳಿಯದು, ಮಾತಾಡುತ್ತ, ಓದುತ್ತ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ನನಗೆ ಕಣ್ಣಿಗೆ ಕಾಣುವಂತೆ ಕಡಿಮೆ ಮಾಡುತ್ತ ಹೋಗುವ ದಾರಿ ಬೇಕಿತ್ತು. ಅಂಗಡಿಯವನು ಡ್ರಿಪ್ಪರ್ ತೋರಿಸಿದ. ಅವನ ಅಜ್ಜ ಪಾಕಿಸ್ತಾನದಿಂದ ಇಲ್ಲಿನ ಉಣ್ಣೆ ಗಿರಣಿಗೆ ಬಂದವನಂತೆ. ಕೊಪ್ಪಳದ ಸಂತೆಯಲ್ಲಿ ಕಲಿತ ನನ್ನ ಉರ್ದು ಕೇಳಿ, ಇದು ಯಾವ ಕಾಲದ ಭಾಷೆ ಎಂದು ನಕ್ಕ. ಆದರೂ ಈ ಊರಿನಲ್ಲಿ ನನ್ನ ಮಾತು ಕೇಳಿ ಯಾರಾದರೂ ಕುರ್ಚಿ ಎಳೆದು ಕೂರಿಸಿದ್ದು ಅದೇ ಮೊದಲು.

ಡ್ರಿಪ್ಪರ್ ಎಂದರೆ ಹೆಬ್ಬೆರಳಿನಷ್ಟು ಅಗಲದ ಲೋಹದ ಬಟ್ಟಲು. ನಡುವೆ ಸುರುಳಿ ತಂತಿ, ತಂತಿಯೊಳಗೆ ತೂರಿಸಿದ ಹತ್ತಿಯ ಬತ್ತಿ. ದ್ರವ ತುಂಬಿಡುವ ಟ್ಯಾಂಕು ಇದಕ್ಕಿಲ್ಲ. ಮುಚ್ಚಳ ತೆಗೆದು ಬತ್ತಿಯ ಮೇಲೆ ಹನಿ ಹಾಕಬೇಕು, ಮುಚ್ಚಬೇಕು, ಗುಂಡಿ ಒತ್ತಿ ಎಳೆಯಬೇಕು. ನಾಲ್ಕಾರು ಸಲ ಎಳೆದರೆ ಬತ್ತಿ ಒಣಗುತ್ತದೆ, ಮತ್ತೆ ಹನಿ. ಪ್ರತಿ ಸಲವೂ ನಿಂತು, ಕೈಯಾರೆ ಹಾಕಿಕೊಳ್ಳಬೇಕಾದ ವಿಷ. ನನಗೆ ಬೇಕಾದದ್ದು ಅದೇ.

ಎಷ್ಟು ಹನಿ ಎಂದು ಕೇಳಿದರೆ ಅಂಗಡಿಯವನು ಭುಜ ಕುಣಿಸಿದ. ಬತ್ತಿಗೆ ತಕ್ಕಂತೆ, ಎಳೆಯುವವನಿಗೆ ತಕ್ಕಂತೆ ಎಂದ.

ಮೊದಲ ದಿನ ಹನಿ ಹಾಕಿದವನೇ ಗುಂಡಿ ಒತ್ತಿದೆ. ದ್ರವ ಗ್ಲಿಸರಿನ್ನಿನಂತೆ ಮಂದ, ಬತ್ತಿಯ ಒಳಗೆ ಇಳಿಯಲು ಹೊತ್ತು ಬೇಕು. ಮೇಲೆ ಒದ್ದೆಯಾಗಿ ಕಂಡದ್ದು ಒಳಗೆ ಒಣ ಹತ್ತಿ. ಡಬ್ಬಿ ಕಿರುಚಿದ್ದು ಆಗಲೇ. ಮರುದಿನ ಹೆದರಿ ಪಣತಿಗೆ ಎಣ್ಣೆ ಹೊಯ್ದಂತೆ ಬಟ್ಟಲು ತುಂಬ ಹೊಯ್ದೆ. ದೀಪದ ಬತ್ತಿ ಮುಳುಗಿದ್ದರೆ ಚೆನ್ನಾಗಿ ಉರಿಯುತ್ತದೆ ಎಂದು ನೋಡಿ ಬೆಳೆದವನ ಬುದ್ಧಿ. ಗಾಳಿ ಬರುವ ರಂಧ್ರದಿಂದ ದ್ರವ ಸೋರಿ ಅಂಗಿ ಹಾಳಾಯಿತು, ಕುದಿಯುವ ಹನಿಯೊಂದು ಸಿಡಿದು ನಾಲಿಗೆಯ ತುದಿ ಬೊಬ್ಬೆಯೆದ್ದಿತು. ಹತ್ತಿ ಬಿಗಿಯಾಗಿ ತೂರಿಸಿದೆ, ದ್ರವ ಹೀರಲಿಲ್ಲ. ಸಡಿಲ ಮಾಡಿದೆ, ಸೋರಿತು. ಇನ್ನೊಂದು ದಿನ ಹಳೆಯ ಕೊಳವೆಗೆ ತಂದಿದ್ದ ತೀಕ್ಷ್ಣ ದ್ರವವನ್ನೇ ಇದಕ್ಕೂ ಹನಿಸಿದೆ. ಇದರಲ್ಲಿ ಆವಿ ಹೆಚ್ಚು, ಅದಕ್ಕೆ ನಿಕೋಟಿನ್ ಕಡಿಮೆ ಇರುವ ದ್ರವವೇ ಬೇಕೆಂಬುದು ತಲೆ ತಿರುಗಿ ನೆಲಕ್ಕೆ ಕೂತ ಮೇಲೆ ಗೊತ್ತಾಯಿತು.

ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ತಿದ್ದಲಾಗದ ತಪ್ಪೊಂದಿತ್ತು. ಹನಿ ಹಾಕಿದೆನೋ ಇಲ್ಲವೋ ಎನ್ನುವುದೇ ನೆನಪಿರುತ್ತಿರಲಿಲ್ಲ. ಹಾಕಿದ್ದೇನೆ ಎಂದು ಆಣೆ ಮಾಡುವಷ್ಟು ಖಾತ್ರಿ, ಕೈಯಲ್ಲಿ ಬಾಟಲಿ ಹಿಂಡಿದ ನೆನಪೂ ಇರುತ್ತದೆ, ಆದರೆ ಆ ನೆನಪು ಹಿಂದಿನ ಸಲದ್ದು. ಎಳೆದರೆ ಸುಟ್ಟ ಹತ್ತಿ. ಸುಟ್ಟ ಗಂಟಲು ಸಿಗರೇಟನ್ನೇ ಕೇಳುತ್ತದೆ. ಮೂರನೆಯ ವಾರದ ಒಂದು ಬೆಳಿಗ್ಗೆ ಹಾಗೇ ಆಯಿತು. ಮಳೆಯಲ್ಲೇ ಮೂಲೆಯ ಅಂಗಡಿಗೆ ನಡೆದು ಪ್ಯಾಕೆಟ್ ತಂದು, ಬಸ್ ನಿಲ್ದಾಣದ ಗಾಜಿನ ಮರೆಯಲ್ಲಿ ನಿಂತು ಒಂದನ್ನು ಬುಡದವರೆಗೂ ಸೇದಿದೆ. ಅಷ್ಟು ರುಚಿಯಾದದ್ದನ್ನು ಈ ದೇಶಕ್ಕೆ ಬಂದಮೇಲೆ ನಾನು ತಿಂದಿರಲಿಲ್ಲ.

ಅಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಇಲ್ಲಿ ಬೆಳಗಾದರೆ ಅಲ್ಲಿ ಮಧ್ಯಾಹ್ನ. ಅವಳು ಡಯಾಲಿಸಿಸ್ ಮುಗಿಸಿ ಕೊಪ್ಪಳದ ಬಸ್ ನಿಲ್ದಾಣದಲ್ಲಿ ಯಲಬುರ್ಗಾದ ಬಸ್ಸಿಗೆ ಕಾಯುತ್ತಿದ್ದಳು. ನನ್ನ ಸುತ್ತ ನೀರೇ ನೀರು. ಅವಳ ಸುತ್ತ ಬೇಸಿಗೆಯ ಬಿಸಿಲು, ವೈದ್ಯರ ಕಟ್ಟಳೆಯಂತೆ ಅವಳಿಗೆ ಇಡೀ ದಿನಕ್ಕೆ ಕುಡಿಯಲು ಒಂದು ಚಿಕ್ಕ ತಂಬಿಗೆ ನೀರಷ್ಟೇ. ಸೇದಿದೆ ಎಂದು ಹೇಳಿಬಿಟ್ಟೆ. ಅಪ್ಪನಂತೆ ಒಂದೇ ಸಲಕ್ಕೆ ಬಿಡುವುದು ನನ್ನಿಂದ ಆಗುತ್ತಿಲ್ಲ ಎಂದೂ ಹೇಳಿದೆ. ಆ ಕಡೆ ಕಂಡಕ್ಟರನ ಕೂಗಿನ ನಡುವೆ ಅವಳು ಕೇಳಿದಳು:

"ಅಪ್ಪ ಯಾವಾಗ ಒಂದಽ ಸಲಕ್ಕ ಬಿಟ್ಟಿದ್ನೋ ತಮ್ಮಾ?"

"ಕೆರಿಗೆ ಕಟ್ಟು ಒಗದಿದ್ನಲ್ಲಕ್ಕಾ. ನಾ ನೋಡೀನಿ."

"ಒಗದಾಕಿ ನಾನು. ಕಿಸೆದಾಗಿಂದ ಕದ್ದು ಒಗದಿದ್ದೆ. ದಂಡಿ ಮ್ಯಾಲನ ಕಪಾಳಕ್ಕ ಬಿತ್ತು ನನಗ. ನೀ ಅವ್ವನ ಬಗಲಾಗ ಇದ್ದಿ, ಏನ್ ನೋಡಿದ್ಯೋ ಏನೋ."

ನನಗೆ ಕೆಂಪು ದಾರ ಈಗಲೂ ಕಾಣುತ್ತಿತ್ತು. ಎಸೆದ ಕೈ ಮಾತ್ರ ಯಾರದೆಂದು ಕಾಣದಾಯಿತು. ಮತ್ತೆ ಅಪ್ಪ ಬಿಟ್ಟದ್ದು ಹೇಗೆ ಎಂದು ಕೇಳಿದೆ.

"ಬಿಟ್ಟಾ, ಹಿಡದಾ. ಮತ್ತ ಬಿಟ್ಟಾ, ಮತ್ತ ಹಿಡದಾ. ಕಟ್ಟಿನಿಂದ ಅರ್ಧ ಕಟ್ಟಿಗೆ ಬಂದಾ, ಆಮ್ಯಾಲೆ ದಿನಕ್ಕೊಂದು. ನೀ ಧಾರವಾಡಕ್ಕ ಹೋದ ವರ್ಷ ಪೂರಾ ನಿಂತ್ತು ನೋಡು. ನಮ್ಮ ಮನ್ಯಾಗ ಒಮ್ಮಿಗೇ ಯಾರೂ ಏನೂ ಬಿಟ್ಟಿಲ್ಲ, ನೀ ಒಬ್ಬ ಸೂರ ಆಗಬ್ಯಾಡ." ಬಸ್ಸು ಬಂದಿರಬೇಕು, ಅವಳ ಉಸಿರು ಏರಿತು. "ಇವತ್ತು ಒಂದು ಸೇದಿದಿ. ನಾಳಿ ಸೇದಬ್ಯಾಡ. ನನಗ ಇವತ್ತು ಸೀಟ್ ಸಿಕ್ಕೈತಿ, ಫೋನ್ ಇಡ್ತೀನಿ."

ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಪ್ಯಾಕೆಟ್ಟನ್ನು ಕಸದ ತೊಟ್ಟಿಗೆ ಹಾಕಿದೆ. ಹಾಕಿದ್ದು ಖರೆ, ಆ ದಿನ ಸಂಜೆ ಹೋಗಿ ಅದು ಅಲ್ಲೇ ಇದೆಯೇ ಎಂದು ಇಣುಕಿ ನೋಡಿದ್ದೂ ಖರೆ.

ಅಂದಿನಿಂದ ನೆನಪನ್ನು ನಂಬುವುದನ್ನು ಬಿಟ್ಟೆ. ಬತ್ತಿಗೆ ಹಸಿವಾದಾಗ ಅದು ತಾನೇ ಹೇಳುತ್ತದೆ. ಗುಂಡಿ ಒತ್ತಿದಾಗ ಚಿಟಚಿಟ ಎನ್ನುವ ಸದ್ದು ಸಣ್ಣದಾಗುತ್ತದೆ, ಆವಿ ತೆಳುವಾಗುತ್ತದೆ, ಮಾವಿನ ರುಚಿ ಬರೀ ಸಿಹಿಯಾಗುತ್ತದೆ. ಸುಡುವುದಕ್ಕೆ ಮೊದಲು ಒಂದೆರಡು ಉಸಿರಿನ ಅಂತರದಲ್ಲಿ ಇದು ನಡೆಯುತ್ತದೆ. ಅನುಮಾನ ಬಂದರೆ ಮುಚ್ಚಳ ತೆಗೆದು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದೆ. ತಿಂಗಳು ಮುಗಿಯುವುದರೊಳಗೆ ಸುಟ್ಟ ಹತ್ತಿಯ ರುಚಿ ಅಪರೂಪವಾಯಿತು. ದ್ರವದ ನಿಕೋಟಿನ್ನನ್ನು ಮಿಲಿಲೀಟರಿಗೆ ಆರು ಮಿಲಿಗ್ರಾಂನಿಂದ ಮೂರಕ್ಕೆ ಇಳಿಸಿದೆ.

ಮೂರರಲ್ಲಿ ಸಿಕ್ಕಿಹಾಕಿಕೊಂಡೆ. ನಿಕೋಟಿನ್ ಇಲ್ಲದ ಬಾಟಲಿಗೆ ಬದಲಿಸಿದ ದಿನ ಪ್ರಯೋಗಾಲಯದಲ್ಲಿ ಗಾಜು ಒಡೆದೆ, ಮಹಬೂಬನ ಮೇಲೆ ಹರಿಹಾಯ್ದೆ. ವಿಮಾನಕ್ಕೆ ಮೂರು ವಾರ ಉಳಿದಿತ್ತು. ಮೈ ಕೇಳುತ್ತಿದೆಯೋ, ಬಾಟಲಿಯ ಮೇಲಿನ ಸೊನ್ನೆಯನ್ನು ಓದಿದ ಕಣ್ಣು ಕೇಳುತ್ತಿದೆಯೋ? ಅದನ್ನು ತಿಳಿಯಲು ನನಗೆ ಗೊತ್ತಿದ್ದ ದಾರಿ ಒಂದೇ. ಒಂದೇ ರುಚಿಯ ಎರಡು ಬಾಟಲಿ ತಂದು ಮಹಬೂಬನಿಗೆ ಕೊಟ್ಟೆ. ಒಂದರಲ್ಲಿ ಮೂರು, ಒಂದರಲ್ಲಿ ಸೊನ್ನೆ. ಪ್ರತಿ ಬೆಳಿಗ್ಗೆ ಅವನಿಗೆ ಬೇಕಾದದ್ದನ್ನು ನನ್ನ ಚಿಕ್ಕ ಬಾಟಲಿಗೆ ತುಂಬಿಡಬೇಕು, ಯಾವುದೆಂದು ಹೇಳಬಾರದು. ನಾನು ಸಂಜೆ ಊಹಿಸಿ ಹೇಳುತ್ತೇನೆ.

"ತಪ್ಪು ಹೇಳಿದ್ರ ಏನ್ ಮಾಡ್ಲಿ ಸರ?"

"ಏನೂ ಅನಬ್ಯಾಡ. ಮಾರಿ ಸುದ್ದಾ ಬದಲಿ ಮಾಡಬ್ಯಾಡ."

"ಅದೇನು ದೊಡ್ಡ ಮಾತಲ್ಲ ಬಿಡ್ರಿ. ನಮ್ಮ ಮುದುಕ್ರು ದಿನಾ ಕೇಳ್ತಾರ, ನನ್ನ ಮಗ ಇವತ್ತು ಬರ್ತಾನೇನು ಅಂತ. ನನ್ನ ಮಾರಿ ಪಳಗೈತಿ."

ಎರಡನೆಯ ವಾರದ ಕೊನೆಗೆ ನಾನೇ ಸೋತು ಅವನ ಬಾಗಿಲು ಬಡಿದೆ. ಆ ದಿನದ್ದು ಖಂಡಿತ ಸೊನ್ನೆ, ತಲೆ ಸಿಡಿಯುತ್ತಿದೆ, ಒಂದು ದಿನದ ಮಟ್ಟಿಗೆ ಮೂರರದ್ದು ಕೊಡು ಎಂದೆ. ನಿನ್ನೆ ಯಾವುದಿತ್ತು ಎಂದು ಅವನು ಕೇಳಿದ. ನಿನ್ನೆಯದು ಮೂರು, ಆರಾಮಿದ್ದೆ ಎಂದೆ. ಅವನು ಅನ್ನದ ಕುಕ್ಕರ್ ಇಳಿಸಿ, ಒಲೆ ಆರಿಸಿ, ಆಮೇಲೆ ಹೇಳಿದ:

"ಸರ, ಹತ್ತ ದಿನಾತು ಸೊನ್ನಿ ಬಿಟ್ಟು ಬ್ಯಾರೆ ಏನೂ ತುಂಬಿಲ್ಲ. ನಿನ್ನೆನೂ ಸೊನ್ನಿ, ಇವತ್ತೂ ಸೊನ್ನಿ. ನೀವು ಹೇಳಿದಂಗ ಮಾಡಬೇಕಿತ್ತು, ಖರೆ. ಟೈಮ್ ಇದ್ದಿಲ್ಲ."

ನನಗೆ ಸಿಟ್ಟು ಬರಬೇಕಿತ್ತು, ಪ್ರಯೋಗ ಕೆಡಿಸಿದ್ದ. ತಲೆನೋವು ಮಾತ್ರ ಹಾಗೇ ಇತ್ತು, ಅದೇನೂ ಸುಳ್ಳಲ್ಲ. ಆದರೆ ಹತ್ತು ದಿನ ನಿಕೋಟಿನ್ ಇಲ್ಲದೆಯೇ ನಡೆದಿತ್ತು, ಅದಕ್ಕೆ ಕೊಡಬೇಕಾದದ್ದು ಏನೂ ಉಳಿದಿರಲಿಲ್ಲ. ಡ್ರಿಪ್ಪರನ್ನು ಅಂಗಡಿಯವನಿಗೆ ಮರಳಿಸಿ, ಬರಿಗೈಯಲ್ಲಿ ವಿಮಾನ ಹತ್ತಿದೆ.

ಕೊಪ್ಪಳದ ನಿಲ್ದಾಣದಲ್ಲಿ ರೈಲಿಳಿದಾಗ ಹೊರಗಿನ ಪಾನ್ ಅಂಗಡಿಯ ಎದುರು ನಾಲ್ಕು ಜನ ಸೇದುತ್ತ ನಿಂತಿದ್ದರು. ಅಲ್ಲಿ ಎರಡು ತಿಂಗಳು ಕಾಡಿದ ವಾಸನೆ ಇಲ್ಲಿ ನನ್ನ ಊರಿನ ವಾಸನೆಯಾಗಿತ್ತು, ಅದೇ ಹೆಚ್ಚು ಹೆದರಿಸಿತು. ಆಟೋ ಹತ್ತುವವರೆಗೂ ಉಸಿರು ಬಿಗಿಹಿಡಿದೆ. ಹುಬ್ಬಳ್ಳಿಯಲ್ಲಿ ಮೂತ್ರ ಕೊಟ್ಟು, ಫಲಿತಾಂಶ ಬರುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತಿದ್ದೆ. ಬಸ್ ನಿಲ್ದಾಣದಲ್ಲಿ ಸೇದಿದ್ದು ನಿಜಕ್ಕೂ ಕೊನೆಯದೇ, ಅದರ ನಂತರ ಇನ್ನೊಂದಿತ್ತೇ ಎಂದು ನನ್ನನ್ನೇ ವಿಚಾರಣೆ ಮಾಡಿಕೊಂಡೆ. ಖಚಿತ ಉತ್ತರ ಸಿಗಲಿಲ್ಲ. ಕಾಗದ ಹಿಡಿದು ಬಂದ ನರ್ಸ್ ನನ್ನ ಮುಖ ನೋಡದೆ, ನಾಳೆ ಭರ್ತಿ ಆಗ್ರಿ ಎಂದಳು. ಅಕ್ಕ ನನ್ನ ಕೈಯನ್ನು ಒಮ್ಮೆ ಜೋರಾಗಿ ಒತ್ತಿ ಬಿಟ್ಟಳು.

ಈಗ ಮತ್ತೆ ಬ್ರಾಡ್‌ಫರ್ಡಿನಲ್ಲಿದ್ದೇನೆ. ಚಳಿಗೆ ಎಡಪಕ್ಕೆಯ ಹೊಲಿಗೆ ಜಾಗ ಬಿಗಿಯುತ್ತದೆ. ಸಿಗರೇಟಿನ ಆಸೆ ಹೋಗಿದೆಯೇ ಎಂದರೆ ಹೋಗಿದೆ ಎನ್ನುವಷ್ಟು ಧೈರ್ಯ ನನಗಿಲ್ಲ. ಇವತ್ತು ಸೇದಿಲ್ಲ. ಇಲ್ಲಿನವರು ಊರಿನ ನೆನಪಾಗುತ್ತದೆಯೇ ಎಂದು ಕೇಳುತ್ತಾರೆ. ನನ್ನ ನೆನಪಿನ ಯೋಗ್ಯತೆ ಏನೆಂದು ಅವರಿಗೆ ಗೊತ್ತಿಲ್ಲ. ಊರಿಗೂ ನನಗೂ ಇರುವ ನಂಟು ಈಗ ನೆನಪಿನ ಮೇಲೆ ನಿಂತದ್ದಲ್ಲ, ಅದು ಒಂದು ಸಮಾಧಾನ.

ಅಕ್ಕ ಕಚೇರಿಗೆ ಹೋಗತೊಡಗಿದ್ದಾಳೆ. ಹೋದ ಭಾನುವಾರ ಫೋನ್ ಮಾಡಿದ್ದಳು.

"ನಿನ್ನ ಕಿಡ್ನಿ ಭಾಳ ಚೂಟಿ ಐತೋ ತಮ್ಮಾ. ನೀ ಅಲ್ಲೆ ಮಲಗಿರ್ತಿ, ಇದು ಇಲ್ಲೆ ನಸುಕಿನ್ಯಾಗ ಬಚ್ಚಲಕ್ಕ ನನ್ನ ಎಬ್ಬಸ್ತೈತಿ."

ಛಲೋ ಆತಲ್ಲ ಎಂದೆ. ಅವಳು ನಕ್ಕಳು. ಆಮೇಲೆ ಕೇಳಿದಳು:

"ಇದೊಂದು ಬಂತು. ಉಳದ ನೀನು ಯಾವಾಗ ಊರಿಗೆ ಬರ್ತಿ?"

ರಜೆ ಸಿಕ್ಕ ಕೂಡಲೇ ಎಂದೆ. ಅವಳು ಕೇಳಿದ್ದು ರಜೆಯ ಮಾತಲ್ಲ, ಪೂರ್ತಿ ಮರಳಿ ಬರುವ ಮಾತು ಎಂದು ಗೊತ್ತಿತ್ತು.