ಇಡದೇ ಬಂದ ಪಾದ

ಸ್ಟ್ರಾಬೆರಿ ಬುಟ್ಟಿ ಕೆಳಗಿಟ್ಟು ಆ ಮುದುಕಿ ನನ್ನ ಹಣೆಯ ವಿಭೂತಿಯನ್ನೇ ನೋಡಿದಳು. “ಅಯ್ನೋರೇನ್ರಿ? ಯಾವೂರ್ರಿ?” ಮೊಮ್ಮಕ್ಕಳನ್ನು ಕರೆದುಕೊಂಡು ಎರಡು ದಿನ ತಿರುಗಾಡಲು ಹೋದ ಸಾತಾರಾ ಕಡೆಯ ಘಾಟಿನ ಊರು ಅದು. ಆ ಮಂಜಿನಲ್ಲಿ ನಮ್ಮ ಕನ್ನಡ ಕೇಳಿ ಬೆಚ್ಚಿದೆ. ಉಮರ್ಗಾ ಎಂದೆ. ಆಕೆ ನಮ್ಮ ಪಕ್ಕದೂರು ಮುರುಮದವಳೇ, ಗಂಡನ ಜೊತೆ ಕೂಲಿಗೆ ಬಂದು ಅಲ್ಲೇ ಉಳಿದವಳು.

ಹೋದ ವರ್ಷ ಗಂಡ ತೀರಿಕೊಂಡನಂತೆ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಹೂಳುವ ಮೊದಲು ಅಯ್ಯನವರು ಅವರ ತಲೆಯ ಮೇಲೆ ಪಾದ ಇಡಬೇಕು. ಊರಲ್ಲಿ ಆ ಕೆಲಸ ನನ್ನದೇ. ಅಲ್ಲಿ ಅಯ್ಯನವರೂ ಸಿಗಲಿಲ್ಲ, ಹೂಳಲು ಜಾಗವೂ ಸಿಗಲಿಲ್ಲ. ಸುಟ್ಟುಬಿಟ್ಟರಂತೆ.

ಇಷ್ಟು ಹೇಳಿದವಳು ರಸ್ತೆಯಲ್ಲೇ ಕೂತು ನನ್ನ ಕಾಲ ಬಳಿ ತಲೆ ಬಾಗಿಸಿದಳು. “ನನಗ ಭೀ ಹಂಗೇ ಆಗ್ತದರಿ. ಈಗೇ ಪಾದ ಇಟ್ಟು ಹೋಗ್ರಿ.”

ಬದುಕಿದವರಿಗೆ ಹಾಗೆ ಇಡುವಂತಿಲ್ಲ ಎಂದು ವಿಭೂತಿ ಹಚ್ಚಿ ಎಬ್ಬಿಸಿದೆ. ಆಕೆ ಬುಟ್ಟಿ ಎತ್ತಿಕೊಂಡು ಹೋದಳು. “ಇಟ್ಟಿದ್ರ ಏನಾಗ್ತಿತ್ತು ಮುತ್ಯಾ?” ಎಂದಳು ಮೊಮ್ಮಗಳು.

ಊರಿಗೆ ಮರಳಿದ ಮೇಲೆ ಮೊನ್ನೆ ಹತ್ತಿರದ ಮಾಕಣಿಯಲ್ಲಿ ಒಬ್ಬರ ಮಣ್ಣಿಗೆ ಕರೆದಿದ್ದರು. ಹೆಣದ ತಲೆಯ ಮೇಲೆ ಎತ್ತಿದ ಪಾದ ಇಳಿಸಲಾಗದೆ ಹಾಗೇ ನಿಂತೆ. ಮುಪ್ಪಿಗೆ ಕಾಲು ನಡುಗುತ್ತಿದೆ ಎಂದುಕೊಂಡು ಯಾರೋ ನನ್ನ ರಟ್ಟೆ ಹಿಡಿದರು.