ದೇರಪ್ಪನ ಕಂಬಳಿ ಪಟ್ಟಿ

ನಮ್ಮ ಸೋದರಮಾವ ದೇರಪ್ಪ ಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ರೈಟರ್, ಅಂದರೆ ಹಾಜರಿ-ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದ. ಒಳ್ಳೆಯವನೇ. ಆದರೆ ಅವನ ಅಕ್ಷರವನ್ನು ಯಾರಾದರೂ ಹೊಗಳಿದರೆ ಸಾಕು, ಉಬ್ಬಿಹೋಗುತ್ತಿದ್ದ.

ಎಸ್ಟೇಟಿನ ಹಳೆಯ ಹಾಜರಿ ಪುಸ್ತಕದಲ್ಲಿ, ಆಳುಗಳ ವಸತಿಯ ಒಂದೊಂದು ಲೈನಿನವರ ಹೆಸರುಗಳೆಲ್ಲ ಒಂದೇ ಸಾಲಿನಲ್ಲಿ ಉದ್ದಕ್ಕೆ ಇರುತ್ತಿದ್ದವು: ಬೊಳ್ಳಮ್ಮ, ಮಾರಿ, ಹುಚ್ಚಮ್ಮ, ಚಲುವಮ್ಮ. ಯಾರು ಯಾವ ಕೋಣೆಯವರು, ಯಾರ ವಯಸ್ಸೆಷ್ಟು, ಒಂದೂ ಕಾಣುತ್ತಿರಲಿಲ್ಲ. ಮಾರಿಗೆ ಬೆನ್ನು ಬಾಗಿತ್ತು. ಅರ್ಧ ಬುಟ್ಟಿ ಹಣ್ಣು ಕೊಯ್ಯುವುದೇ ಕಷ್ಟ. ಸಂಜೆ ಅಳತೆಗೆ ಮೊದಲು ಉಳಿದ ಹೆಂಗಸರು ತಂತಮ್ಮ ಬುಟ್ಟಿಯಿಂದ ಎರಡೆರಡು ಬೊಗಸೆ ಅವಳದಕ್ಕೆ ಸುರಿಯುತ್ತಿದ್ದರು. ಪಿಕಿಂಗ್, ಅಂದರೆ ಕಾಫಿ ಕೊಯ್ಲಿನ ಕಾಲದ ಪದ್ಧತಿ ಅದು. ಮಾವ ಆಗ ಬೇಕೆಂದೇ ಆಚೆ ನೋಡುತ್ತಿದ್ದ.

ಕೊಡಗು ಮೈಸೂರಿಗೆ ಸೇರಿದ ಮರುವರ್ಷ ಹೊಸ ಮ್ಯಾನೇಜರ್ ಬಂದ. ಆ ಅಯೋಗ್ಯನ ಹೆಸರು ಹೇಳಲೂ ನನಗಿಷ್ಟವಿಲ್ಲ.

"ಅರವತ್ತು ದಾಟಿದವರಿಗೆಲ್ಲ ಮಳೆಗಾಲಕ್ಕೆ ಕಂಬಳಿ ಕೊಡೋಣ. ಈ ಉದ್ದ ಸಾಲು ಓದಕ್ಕಾಗಲ್ಲ ದೇರಪ್ಪ, ಬಿಡಿಸಿ ಬರೀರಿ. ಲೈನಿನೊಳಗೆ ಕೋಣೆ, ಕೋಣೆಯೊಳಗೆ ಆಳು, ಆಳಿನ ಎದುರು ವಯಸ್ಸು. ನಿಮ್ಮಂಥ ಅಕ್ಷರ ಇನ್ಯಾರಿಗಿದೆ?"

ಮಾವ ನಾಲ್ಕು ಭಾನುವಾರ ಕೂತು ಆ ಸಾಲುಗಳನ್ನೆಲ್ಲ ತುಂಡು ಮಾಡಿದ. ಲೈನಿಗೊಂದು ದೊಡ್ಡ ಚೌಕ, ಅದರೊಳಗೆ ಕೋಣೆಗೊಂದು ಸಣ್ಣ ಚೌಕ, ಅದರೊಳಗೆ ಒಬ್ಬೊಬ್ಬರಿಗೂ ಒಂದೊಂದು ಖಾನೆ. ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ. ವಯಸ್ಸು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮಾವ ಧಾರಾಳಿಯಾದ. ಐವತ್ತು ಇರಬಹುದಾದವರಿಗೂ ಅರವತ್ತೆರಡು ಬರೆದ. ಮಾರಿಗೆ ಅರವತ್ತೆಂಟು.

"ಪಾಪ, ಬೆಚ್ಚಗಿರ್ಲಿ" ಎಂದು ಅತ್ತೆ ದಮಯಂತಿಗೆ ಪಟ್ಟಿ ಪೂರ್ತಿ ಓದಿ ಹೇಳಿದನಂತೆ.

ಮಳೆ ಹಿಡಿಯುವ ವಾರ ಮ್ಯಾನೇಜರ್ ಅದೇ ಪಟ್ಟಿ ಹಿಡಿದು ಲೈನಿಗೆ ಬಂದ. ಅರವತ್ತು ದಾಟಿದವರಿಗೆ ಇನ್ನು ಕೆಲಸವಿಲ್ಲ. ಕೋಣೆಯಲ್ಲಿ ಕೆಲಸದವರು ಒಬ್ಬರೂ ಇಲ್ಲದಿದ್ದರೆ ಕೋಣೆಯೂ ಇಲ್ಲ. ಒಟ್ಟು ಹನ್ನೊಂದು ಜನ, ಏಳು ಕೋಣೆ. ಒಂಟಿಯಾಗಿದ್ದ ಮಾರಿಯದೇ ಮೊದಲು. ಹುಡುಕುವ ಕಷ್ಟವೇ ಇರಲಿಲ್ಲ, ಅಷ್ಟು ಚೊಕ್ಕವಾಗಿತ್ತು ಮಾವನ ಕೆಲಸ.

"ಕಂಬಳಿಗೆ ಅಂತ ಅಲ್ವಾ ಸಾರ್ ಬರ್ಸಿದ್ದು? ವಯಸ್ಸು ನಾನೇ ಜಾಸ್ತಿ ಹಾಕಿದ್ದು!" ಎಂದು ಮಾವ ಅವನ ಹಿಂದೆಯೇ ಓಡಿದ.

"ಸುಳ್ಳು ಬರೆದೆ ಅಂತ ಬರ್ಕೊಡಿ. ಆಮೇಲೆ ನಿಮ್ಮ ಕೆಲಸಾನೂ ಇರಲ್ಲ."

ಮಾವ ಬರೆದುಕೊಡಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ.

ಚಾಪೆ, ಮಡಕೆ ಹಿಡಿದು ನಿಂತಿದ್ದ ಮಾರಿ ಕೇಳಿದಳು: "ರೈಟರೇ, ನನ್ ವಯಸ್ಸು ನಂಗೇ ಗೊತ್ತಿಲ್ಲ. ನಿಮ್ಗೆ ಯಾರು ಹೇಳಿದ್ರು?"

ಮರುದಿನ ಮ್ಯಾನೇಜರ್ ಮಾವನಿಗೆ ಒಂದು ಕಂಬಳಿ ಕಳಿಸಿದ. ಆ ವರ್ಷ ಎಸ್ಟೇಟಿನಲ್ಲಿ ಹಂಚಿದ್ದು ಅದೊಂದೇ. ಮಾವ ಹೊದೆಯಲಿಲ್ಲ. ಮಾರಿಗೆ ಕೊಡುತ್ತೇನೆಂದು ಮಳೆಯಲ್ಲೇ ಸಂತೆಯಿಂದ ಸಂತೆಗೆ ಹೊತ್ತು ತಿರುಗಿದ. ಕೊನೆಗೊಂದು ದಿನ ಗೋಣಿಕೊಪ್ಪದಲ್ಲಿ, ಅಂಗಡಿಯೊಂದರ ಜಗಲಿಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದವಳು ಸಿಕ್ಕಳು.

ಅವಳು ಕಂಬಳಿ ಮುಟ್ಟಲಿಲ್ಲ.

"ಬೇಡ ರೈಟರೇ," ಅಂದಳಂತೆ, "ಇದಕ್ಕೂ ನನ್ ಹೆಸ್ರು ಬರ್ಕೊಂಡೀರಿ."