ಹಾಲವ್ವ ಹೊಡೆದ ಗೊಂಬೆ

ದೆವ್ವ, ಗಾಳಿ, ಮಾಟ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ನಮ್ಮಪ್ಪ ಇಂಥದ್ದನ್ನೆಲ್ಲ ಹೊಸ್ತಿಲು ದಾಟಲು ಬಿಟ್ಟವರಲ್ಲ. ನಮ್ಮ ಗೋಡೆಯ ಮೇಲೆ ಬುದ್ಧನ ಪಟವೊಂದೇ. ಈಗಲೂ ನಾನು ನಂಬುವವಳಲ್ಲ. ಆದರೆ ನಗುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಹರಪನಹಳ್ಳಿ ತಾಲೂಕಿನ ಅರಸೀಕೆರೆ ಕಡೆಯ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಟೀಚರ್. ಶಾಲೆಯ ಹಿಂದಿನ ಹಾಳುಬಿದ್ದ ಕೋಣೆಯಲ್ಲಿ ಆಳೆತ್ತರದ ಗೊಂಬೆಗಳನ್ನು ಮಾಡುತ್ತೇನೆ. ಕಲ್ಲು, ಕಂಚು ನನ್ನ ಕೈಗೆ ಎಟುಕುವಂಥವಲ್ಲ. ಮನೆ ಕಟ್ಟಿದಲ್ಲಿ ಉಳಿದ ಕಬ್ಬಿಣದ ಸರಳು ಎಲುಬು, ಹುಲ್ಲು ತುಂಬಿದ ಗೋಣಿಚೀಲ ಮಾಂಸ, ಹಳೇ ಕಂಬಳಿ ಚರ್ಮ. ಅಂಟಿಸಲು ಹುಣಸೆಬೀಜದ ಗಂಜಿ. ಆ ಗಂಜಿ ಕಾಯಿಸಿ ಕೊಡುತ್ತಿದ್ದವಳು ಬಿಸಿಯೂಟದ ಅಡುಗೆಯ ಹಾಲವ್ವ.

ಹಾಲವ್ವನ ಗಂಡ ಕುರಿ ಕಾಯುವವನು. ಹನ್ನೆರಡು ವರ್ಷ ಅವಳನ್ನು ದನಕ್ಕೆ ಬಡಿದಂತೆ ಬಡಿದ. ಎಡಗಿವಿ ಕೇಳದಂತಾದದ್ದು, ಮುರಿದ ಬಲ ಮುಂಗೈ ಸೊಟ್ಟಗೆ ಕೂಡಿಕೊಂಡದ್ದು ಅವನಿಂದಲೇ. ಅವನು ಹಾವು ಕಚ್ಚಿ ಸತ್ತು ಮೂರು ವರ್ಷವಾಗಿದ್ದರೂ, ಗಂಟೆ ಹೊಡೆಯಲು ಯಾರಾದರೂ ಕೈ ಎತ್ತಿದರೆ ಸಾಕು, ಮುಂಗೈ ಅಡ್ಡ ಹಿಡಿದು ಮುಖ ಮುಚ್ಚಿಕೊಳ್ಳುತ್ತಿದ್ದಳು. ರಾತ್ರಿ ಅವಳಿಗೆ ನಿದ್ದೆಯೇ ಇರಲಿಲ್ಲ.

ಒಂದು ದಿನ ಗಂಜಿಯ ಪಾತ್ರೆ ಇಳಿಸಿದವಳು ಅಲ್ಲೇ ನಿಂತಳು.

“ಟೀಚರ್ರೀ, ನನ್ನ ಗಂಡನ್ನ ಮಾಡಿಕೊಡ್ತೀರೇನ್ರಿ?”

“ಯಾಕಕ್ಕಾ, ಪೂಜೆ ಮಾಡಾಕೇನು?”

“ಹೊಡಿಯಾಕ್ರಿ. ಇದ್ದಾಗ ಒಂದೇಟೂ ತಿರುಗಿಸಿ ಕೊಡಲಿಲ್ಲ. ಒಂದ್ ಸಲ ಹೊಡದ್ರ ನಿದ್ದಿ ಬರತೈತೇನೋ.”

ಅನ್ಯಾಯದ ಮಾತು ಕೇಳಿದರೆ ಮೈ ಉರಿಯುವ ಸ್ವಭಾವ ನನ್ನದು. ಆಗಲೇ ಒಪ್ಪಿಕೊಂಡೆ. ಮರುದಿನ ಅವಳು ಮನೆಯ ಮೂಲೆಯಲ್ಲಿದ್ದ ಗಂಟಿನಿಂದ ಒಂದು ಕರಿ ಕಂಬಳಿ ತಂದುಕೊಟ್ಟಳು. ಗಂಡನದ್ದೇ ಇರಬೇಕೆಂದುಕೊಂಡು ನಾನು ಕೇಳಲಿಲ್ಲ. ಹರಪನಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಸರಳಿನ ಹಂದರ ಮಾಡಿಸಿದೆ. ಹೊಡೆಯಲು ಎತ್ತಿದ ಬಲಗೈಗೆ ಹೆಬ್ಬೆರಳು ಗಾತ್ರದ ಸರಳು. ಅದನ್ನು ಬಗ್ಗಿಸಲು ಅಂಗಡಿಯವನು ಪೈಪು ತೂರಿಸಿ, ಇನ್ನೊಬ್ಬನನ್ನೂ ಕರೆದುಕೊಂಡು ಜೋತುಬೀಳಬೇಕಾಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಹುಲ್ಲಿನ ಗೋಣಿ ಕಟ್ಟಿ, ಮೇಲೆ ಆ ಕಂಬಳಿಯನ್ನು ದಬ್ಬಳದಿಂದ ಹೊಲಿದು ಮುಗಿಸಿದ ಶನಿವಾರ, ಶಾಲೆ ಬಿಟ್ಟ ಮೇಲೆ ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡೆವು. ಕಿಟಕಿಯಿಂದ ಚುರುಗುಟ್ಟುವ ಬಿಸಿಲು ಬೀಳುತ್ತಿತ್ತು. ಹಾಲವ್ವ ಜಾಲಿ ಕೋಲು ತಂದಿದ್ದಳು. ಆದರೆ ಎತ್ತಿದ ಆ ಕೈ ನೋಡಿದ್ದೇ ತಡ, ಗೋಡೆಗೆ ಒತ್ತಿಕೊಂಡು ನಿಂತಳು.

“ಹೊಡಿ ಅಕ್ಕಾ!” ಎಂದೆ.

ಮೊದಲ ಏಟು ನೊಣ ಓಡಿಸಿದಂತಿತ್ತು. ಆಮೇಲೆ ಅವಳ ಮೈಯಲ್ಲಿ ಅದೆಲ್ಲಿತ್ತೋ ಶಕ್ತಿ!

“ಇದು ಕಿವೀದು, ಭಾಡ್ಕೋ! ಇದು ಕೈದು! ಇದು ಹೊಟ್ಯಾಗ ಸತ್ತ ನನ್ನ ಕೂಸಿಂದು!”

ಪಕ್ಕೆ ಹರಿದು ಹುಲ್ಲು ಚೆಲ್ಲಿತು. ಕೋಲಿನ ಸಿಬರು ಅವಳ ಅಂಗೈ ಸೀಳಿ ರಕ್ತ ಸುರಿಯಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನಾನೂ “ಹಾಕು, ಇನ್ನೂ ಹಾಕು” ಎಂದು ಕೂಗುತ್ತಿದ್ದೆ. ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಗುತ್ತಿತ್ತು. ಕೋಲು ಮುರಿಯಿತು. ಉಳಿದ ತುಂಡನ್ನು ಮುಖಕ್ಕೆ ಗುರಿಯಿಟ್ಟು ಎತ್ತಿದವಳು ಹಾಗೇ ನಿಂತುಬಿಟ್ಟಳು.

ಗೊಂಬೆಯ ಬಲಗೈ ಎತ್ತಿದ ಜಾಗದಲ್ಲಿರಲಿಲ್ಲ. ಮುಖಕ್ಕೆ ಅಡ್ಡ ಬಂದಿತ್ತು. ಅಂಗೈ ಹೊರಕ್ಕೆ, ಮುಂಗೈ ಸೊಟ್ಟಗೆ. ಅದು ಬಗ್ಗಿದ್ದನ್ನು ನಾನು ನೋಡಲಿಲ್ಲ, ಸದ್ದನ್ನೂ ಕೇಳಲಿಲ್ಲ. ಇಬ್ಬರು ಗಂಡಸರು ಜೋತುಬಿದ್ದು ಬಗ್ಗಿಸಿದ ಸರಳು ಅದು. ಜಾಲಿ ಕೋಲಿಗೆ ಅದು ಬಗ್ಗಿತೆಂದು ಯಾರಾದರೂ ಹೇಳಿದರೆ ಬಂದು ಬಗ್ಗಿಸಿ ತೋರಿಸಲಿ.

ಹಾಲವ್ವ ಹತ್ತಿರ ಹೋಗಿ ಕಂಬಳಿಯ ಅಂಚು ಹಿಡಿದು ಮೂಸಿದಳು.

“ಅಯ್ಯೋ ನಮ್ಮವ್ವಾ, ಇದು ನನ್ನ ಕಂಬಳಿ. ಸತ್ತೋರ ಕಂಬಳಿ ನಮ್ಮ ಮನ್ಯಾಗ ಇಟ್ಕಳಂಗಿಲ್ಲ, ಅವಂದು ಅವನ ಜತಿಗೇ ಮಣ್ಣಿಗೆ ಹೋಗೈತಿ. ಸಿಟ್ಟಿನಾಗ ಅದು ನೆಪ್ಪಿಗೇ ಬರಲಿಲ್ಲ ನೋಡ್ರಿ. ಹೊಡ್ತ ತಿಂದು ನಾನು ಹೊದ್ಕಂಡು ಅಳ್ತಿದ್ದುದು ಇದನ್ನೇ.”

ಕೋಲು ಬಿಸಾಕಿ ಗೊಂಬೆಯನ್ನು ತಬ್ಬಿಕೊಂಡಳು. “ಬ್ಯಾಡವ್ವಾ, ಅಂಜಬ್ಯಾಡ. ಇನ್ನ ಯಾರೂ ಹೊಡಿಯಂಗಿಲ್ಲ,” ಎಂದು ಅದರ ಬೆನ್ನು ಸವರಿದಳು. ನನಗೆ ಅಳು ತಡೆಯಲಾಗಲಿಲ್ಲ. ಆಮೇಲೆ ಒಂದೊಂದೇ ಹೊಲಿಗೆ ಬಿಚ್ಚಿ, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದಳು.

ಈಗ ಅದನ್ನೇ ಹೊದ್ದು ಮಲಗುತ್ತಾಳಂತೆ, ನಿದ್ದೆ ಬರುತ್ತದಂತೆ. ಗಂಟೆ ಹೊಡೆಯುವಾಗ ಅವಳು ಬೆಚ್ಚುವುದನ್ನು ಆಮೇಲೆ ನಾನು ಕಂಡಿಲ್ಲ.

ಸರಳಿನ ಹಂದರ ಮಾತ್ರ ನನ್ನ ಕೋಣೆಯ ಮೂಲೆಯಲ್ಲೇ ಇದೆ, ಮುಖಕ್ಕೆ ಕೈ ಅಡ್ಡ ಹಿಡಿದುಕೊಂಡು. ವೆಲ್ಡಿಂಗ್ ಅಂಗಡಿಯವನು ನೋಡಿ, “ಇದನ್ನ ಬಗ್ಗಿಸಿದೋರು ಯಾರ್ರಿ?” ಎಂದು ಕೇಳಿದ. ನನ್ನ ಕತ್ತರಿ, ದಬ್ಬಳ ಎಲ್ಲ ಆ ಮೂಲೆಯ ಮೇಲಿನ ಹಲಗೆಯಲ್ಲಿವೆ. ಅದರ ಎದುರು ನಾನು ಕೈ ಎತ್ತುವುದಿಲ್ಲ. ಏನಾದರೂ ಬೇಕಾದರೆ ಹಾಲವ್ವನನ್ನು ಕರೆದು ತೆಗೆಸಿಕೊಳ್ಳುತ್ತೇನೆ.